ಮಾಸ್ಟಾದ ಮನೆಗಳ ನಡುವೆ

ಬೆಲ್ಜಿಯಂನ ಮಾಲ್ಮೆದಿ ಮತ್ತು ಸ್ತಾವ್ಲೋ ಎಂಬ ಊರುಗಳ ನಡುವೆ ಒಂದು ನೇರ ರಸ್ತೆ ಇದೆ. ಅರ್ಧ ದಾರಿಯಲ್ಲಿ ಮಾಸ್ಟಾ ಎಂಬ ಪುಟ್ಟ ಹಳ್ಳಿ. ಅಲ್ಲಿನ ಮನೆಗಳ ಬಳಿ ರಸ್ತೆ ಸ್ವಲ್ಪ ಎಡಕ್ಕೆ ಹೊರಳಿ, ಕೂಡಲೇ ಬಲಕ್ಕೆ ತಿರುಗಿ, ಮತ್ತೆ ನೇರವಾಗುತ್ತದೆ. ಸಂತೆಗೆ ಹೊರಟವರಿಗೆ ಅದೊಂದು ತಿರುವು ಅನ್ನಿಸುವುದೂ ಇಲ್ಲ. ಆದರೆ 1978ರವರೆಗೆ ಈ ಊರರಸ್ತೆಯೇ ಸ್ಪಾ-ಫ್ರಾಂಕೋರ್ಶಾಂ ಟ್ರ್ಯಾಕ್‌ನ ಭಾಗವಾಗಿತ್ತು. ಆಗ ಆ ಟ್ರ್ಯಾಕ್‌ನ ಒಂದು ಸುತ್ತು 14.1 ಕಿಲೋಮೀಟರ್, ಈಗಿನದು ಅದರ ಅರ್ಧ. ಫಾರ್ಮುಲಾ ಒನ್ ಕಾರುಗಳು ಮಾಸ್ಟಾದ ಮನೆಗಳ ನಡುವೆ ಗಂಟೆಗೆ 250 ಕಿಲೋಮೀಟರ್ ಮೀರಿದ ವೇಗದಲ್ಲಿ ನುಗ್ಗುತ್ತಿದ್ದವು. ನಡುವೆ ತಡೆಬೇಲಿ ಇಲ್ಲ. ಮನೆ, ಕಂಬ, ಮರ, ಚರಂಡಿ, ಅಷ್ಟೇ.

1966ರ ಜೂನ್‌ನಲ್ಲಿ, ರೇಸಿನ ಮೊದಲ ಸುತ್ತಿನಲ್ಲೇ ಮಳೆ ಹೊಡೆಯಿತು. ಮಾಸ್ಟಾದಲ್ಲಿ ನಿಂತಿದ್ದ ನೀರಿನ ಮೇಲೆ ಜಾಕಿ ಸ್ಟಿವರ್ಟ್‌ನ ಕಾರು ಜಾರಿತು. ಜಜ್ಜಿಹೋದ ಕಾರಿನೊಳಗೆ, ಸೋರುತ್ತಿದ್ದ ಪೆಟ್ರೋಲಿನಲ್ಲಿ ನೆನೆಯುತ್ತಾ ಅವರು ಸುಮಾರು 25 ನಿಮಿಷ ಸಿಕ್ಕಿಕೊಂಡಿದ್ದರು. ಸ್ಟಿಯರಿಂಗ್ ಚಕ್ರ ಬಿಚ್ಚದೆ ಅವರನ್ನು ಹೊರಗೆಳೆಯುವಂತಿರಲಿಲ್ಲ. ಸ್ಪರ್ಧೆ ಬಿಟ್ಟು ಬಂದ ಇಬ್ಬರು ಚಾಲಕರು ಅದನ್ನು ಬಿಚ್ಚಲು ಸ್ಪ್ಯಾನರ್‌ಗಾಗಿ ಹುಡುಕಾಡಿ, ಕೊನೆಗೆ ನೋಡಲು ಬಂದಿದ್ದ ಒಬ್ಬನ ಬಳಿ ಎರವಲು ಪಡೆದರು.

ಆ ಟ್ರ್ಯಾಕ್ ಇಂದು ಸ್ಪರ್ಧೆಗೆ ಇಲ್ಲ. ಆದರೆ ಮೇಜಿಗೆ ಬಿಗಿದ ಸ್ಟಿಯರಿಂಗ್ ಹಿಡಿದು, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಅದೇ ವೇಗದಲ್ಲಿ ಅದೇ ಮನೆಗಳ ನಡುವೆ ನುಗ್ಗಬಹುದು. ಮೊದಲ ಸಲ ನುಗ್ಗಲು ಹೋದಾಗ ನನ್ನ ಕಾರು ಮಾಸ್ಟಾ ತನಕ ಬರಲೇ ಇಲ್ಲ. ಅದಕ್ಕೂ ಬಹಳ ಹಿಂದೆ ಹೊಲಕ್ಕಿಳಿದಿತ್ತು. ನಿಜವಾದ ಕಾರಿನಂತೆ ನಡೆದುಕೊಳ್ಳದಿದ್ದರೆ ಅದು ಅಷ್ಟು ನಿಷ್ಠುರವಾಗಿರುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಈ ಹಳೆಯ ಸ್ಪಾವನ್ನು ಮನೆಮನೆಗೆ ತಂದದ್ದು 1998ರಲ್ಲಿ ಬಿಡುಗಡೆಯಾದ, ಅಮೆರಿಕದ ಪ್ಯಾಪಿರಸ್ ಸಂಸ್ಥೆ ರೂಪಿಸಿದ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ಎಂಬ ಕಂಪ್ಯೂಟರ್ ಆಟ. ಅದರ ಹಿಂದಿದ್ದವರು ಡೇವ್ ಕೇಮರ್. ಇಡೀ ಸಿಮ್ಯುಲೇಟರ್ 1967ರ ಒಂದೇ ಒಂದು ಋತುವಿಗೆ ಮೀಸಲು. ಆ ವರ್ಷವೇ ಏಕೆ? ಮೂರು ಲೀಟರ್ ಎಂಜಿನ್ನುಗಳು ಬಂದು ಶಕ್ತಿ ದಿಢೀರನೆ ಏರಿತ್ತು. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು ಮಾತ್ರ ಇನ್ನೂ ಬಂದಿರಲಿಲ್ಲ, ಅವು ಬಂದದ್ದು ಮರುವರ್ಷ. 1967ರ ಜೂನ್‌ನಲ್ಲಿ ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಬಾರಿ ಕಣಕ್ಕಿಳಿದು, ಜಿಮ್ ಕ್ಲಾರ್ಕ್ ಕೈಯಲ್ಲಿ ಗೆದ್ದೇಬಿಟ್ಟ ಲೋಟಸ್ 49 ಸುಮಾರು 500 ಕಿಲೋ ತೂಕದ ಕಾರು. ಅದರ ಬೆನ್ನಿಗೆ 400 ಅಶ್ವಶಕ್ತಿಯ ಕಾಸ್‌ವರ್ತ್ ಎಂಜಿನ್. ಇಂಥ ಕಾರಿಗೆ ಆಸರೆ ನಾಲ್ಕು ಟೈರುಗಳು ಮಾತ್ರ. ಹಾಗಾಗಿ ಟೈರಿನ ಲೆಕ್ಕ ತಪ್ಪಿದರೆ ಮುಚ್ಚಿಡಲು ಇನ್ನೇನೂ ಇಲ್ಲ. ಪರವಾನಗಿಯ ತೊಡಕಿನಿಂದ ಹೋಂಡಾ ಅಲ್ಲಿ ‘ಮುರಸಾಮ’ ಆಯಿತು, ಕೂಪರ್ ‘ಕೊವೆಂಟ್ರಿ’ ಆಯಿತು. ಹೆಸರು ಸುಳ್ಳು, ಭೌತಶಾಸ್ತ್ರ ನಿಜ! ಆಟ ಅಷ್ಟೇನೂ ಮಾರಾಟವಾಗಲಿಲ್ಲ. ಕೊಂಡವರು ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ.

ಕಾರನ್ನು ಅಂಕಿಗಳಾಗಿಸುವುದು ಹೇಗೆ? ಕಾರಿನ ಚೆಲುವು ಇಲ್ಲಿ ಕೊನೆಯ ಮಾತು. ಮೊದಲು ತೂಕ. ತೂಕವೆಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಅಡ್ಡೆ ಹೊತ್ತವನನ್ನು ನೆನೆಸಿಕೊಳ್ಳಿ. ಎರಡು ಕೊಡಗಳು ಕೋಲಿನ ತುದಿಗಳಲ್ಲಿ ತೂಗುತ್ತಿದ್ದರೆ ಅವನು ಗಕ್ಕನೆ ತಿರುಗಲಾರ, ಒಮ್ಮೆ ತಿರುಗತೊಡಗಿದರೆ ಗಕ್ಕನೆ ನಿಲ್ಲಲಾರ. ಅದೇ ಕೊಡಗಳನ್ನು ಕಂಕುಳಿಗೆ ಅವುಚಿಕೊಂಡರೆ ಸಲೀಸು. ತೂಕ ಎರಡೂ ಸಲ ಒಂದೇ. ಎಂಜಿನ್, ಪೆಟ್ರೋಲ್ ಟ್ಯಾಂಕು, ಚಾಲಕ, ಇವರೆಲ್ಲ ನಡುವಿಗೆ ಎಷ್ಟು ಹತ್ತಿರ ಕೂತಿದ್ದಾರೆ ಎನ್ನುವುದರ ಮೇಲೆ ಕಾರು ತಿರುವಿನಲ್ಲಿ ಎಷ್ಟು ಚುರುಕು, ಜಾರಿದಾಗ ಎಷ್ಟು ಹಟಮಾರಿ ಎಂಬುದು ನಿರ್ಧಾರವಾಗುತ್ತದೆ. ಸ್ಪ್ರಿಂಗುಗಳು ಎಷ್ಟು ಗಟ್ಟಿ, ಚಕ್ರ ಮೇಲೆ ಕೆಳಗೆ ಆಡುವಾಗ ಎಷ್ಟು ವಾಲುತ್ತದೆ, ಗೇರಿನ ಹಲ್ಲುಗಳೆಷ್ಟು, ಇವೆಲ್ಲ ಅಳೆದರೆ ಸಿಗುವ ಸಂಗತಿಗಳು. ಹಳೆಯ ಕಾರು ಮ್ಯೂಸಿಯಮ್ಮಿನಲ್ಲಿದ್ದರೂ ಟೇಪು ಹಿಡಿದು ಅಳೆಯಬಹುದು.

ಅಳತೆಗೆ ಸಿಗದೆ ಸತಾಯಿಸುವುದು ಟೈರು. ಒಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಅಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ಹಲ್ಲುಜ್ಜುವ ಬ್ರಷ್ಷೊಂದನ್ನು ಮೇಜಿನ ಮೇಲೆ ಒತ್ತಿ ಮೆಲ್ಲಗೆ ಎಳೆಯಿರಿ. ಎಳೆಗಳು ಮೊದಲು ಬಾಗುತ್ತವೆ, ಜಾರುವುದಿಲ್ಲ. ಇನ್ನಷ್ಟು ಎಳೆದರೆ ಕೆಲವು ಎಳೆಗಳು ಕಾಲು ಕೀಳುತ್ತವೆ, ಉಳಿದವು ಹಿಡಿದುಕೊಂಡೇ ಇರುತ್ತವೆ. ಮತ್ತೂ ಎಳೆದರೆ ಎಲ್ಲವೂ ಜಾರುತ್ತವೆ. ರಬ್ಬರಿನ ಕಥೆಯೂ ಇದೇ. ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕು ಒಂದು, ಸಾಗುವ ದಿಕ್ಕು ಸ್ವಲ್ಪ ಬೇರೆ. ಈ ಎರಡರ ನಡುವಿನ ಕೋನ ಸೊನ್ನೆಯಾದರೆ ಕಾರನ್ನು ತಿರುಗಿಸುವ ಬಲವೇ ಹುಟ್ಟುವುದಿಲ್ಲ. ಕೋನ ಹೆಚ್ಚಿದಂತೆ ಹಿಡಿತ ಏರುತ್ತದೆ, ಒಂದು ಶಿಖರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಈಗಿನ ರೇಡಿಯಲ್ ಟೈರುಗಳಲ್ಲಿ ಆ ಶಿಖರ ಸಣ್ಣ ಕೋನದಲ್ಲೇ ಬಂದುಬಿಡುತ್ತದೆ, ಆಚೆ ಕಡೆ ಇಳಿಜಾರೂ ಕಡಿದು. 1967ರ ಟೈರುಗಳಲ್ಲಿ ಅದು ದೊಡ್ಡ ಕೋನದಲ್ಲಿ ಬರುತ್ತಿತ್ತು, ತಲೆ ಚಪ್ಪಟೆಯಾದ ಗುಡ್ಡದ ಹಾಗೆ. ಹಳೆಯ ಚಿತ್ರಗಳಲ್ಲಿ ಕಾರುಗಳು ಇಡೀ ತಿರುವನ್ನು ಓರೆಯಾಗಿ ಜಾರುತ್ತಾ ದಾಟುವುದನ್ನು ನೋಡಿದ್ದೀರಲ್ಲ, ಅದು ಚಾಲಕರ ಷೋಕಿಯಲ್ಲ. ಆ ಟೈರು ಕೇಳುತ್ತಿದ್ದ ರೀತಿಯೇ ಅದು.

ಈ ಏರಿಳಿತದ ಗೆರೆಯನ್ನು ಗಣಿತದಲ್ಲಿ ಹಿಡಿದವರಲ್ಲಿ ಹೆಸರಾದವರು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಚೇಕಾ. 1980ರ ದಶಕದಲ್ಲಿ ಅವರೂ ಜೊತೆಗಾರರೂ ರೂಪಿಸಿದ ಸೂತ್ರಕ್ಕೆ ‘ಮ್ಯಾಜಿಕ್ ಫಾರ್ಮುಲಾ’ ಎಂದೇ ಹೆಸರು. ಒಂದು ಸೈನ್, ಅದರ ಹೊಟ್ಟೆಯಲ್ಲಿ ಒಂದು ಆರ್ಕ್‌ಟ್ಯಾಂಜೆಂಟ್, ಕೆಲವು ಗುಣಾಂಕಗಳು. ಆ ಗೆರೆ ಹಾಗೇ ಏಕಿರಬೇಕು ಎಂಬುದಕ್ಕೆ ಸೂತ್ರದಲ್ಲಿ ಭೌತಿಕ ಕಾರಣವಿಲ್ಲ. ಪ್ರಯೋಗದ ಅಂಕಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಅಷ್ಟೇ. ಹೆಸರಿನಲ್ಲಿರುವ ಮಾಯೆ ಅದು. ವಿಜ್ಞಾನಿಯೊಬ್ಬರು ತಮ್ಮ ಸೂತ್ರವನ್ನು ಇಷ್ಟು ಪ್ರಾಮಾಣಿಕವಾಗಿ ಕರೆದದ್ದು ನನಗೆ ಬಹಳ ಇಷ್ಟ. ತೊಂದರೆ ಏನೆಂದರೆ ಹೊಂದಿಸಲು ಅಂಕಿ ಬೇಕು. ಯಂತ್ರಕ್ಕೆ ಕಟ್ಟಿ ಪರೀಕ್ಷಿಸಲು 1967ರ ಹೊಸ ಟೈರು ಎಲ್ಲಿಂದ ತರುವುದು? ಐದಾರು ದಶಕ ಉಗ್ರಾಣದಲ್ಲಿ ಬಿದ್ದ ರಬ್ಬರು ಒಣಗಿ ಬೇರೆಯೇ ವಸ್ತುವಾಗಿರುತ್ತದೆ. ಹಾಗಾಗಿ ಹಳೆಯ ಕಾರಿನ ಟೈರು ಅರ್ಧ ಲೆಕ್ಕ, ಅರ್ಧ ಊಹೆ.

ಆಡುವವನಿಗೆ ಇದೆಲ್ಲ ತಲುಪುವುದು ಕೈಗಳ ಮೂಲಕ. ಸ್ಟಿಯರಿಂಗ್ ಹಿಂದಿನ ಮೋಟಾರು ಮುಂದಿನ ಟೈರುಗಳ ಸೆಳೆತವನ್ನು ಅಂಗೈಗೆ ದಾಟಿಸುತ್ತದೆ. ಇಲ್ಲೊಂದು ಸೊಗಸಾದ ಸೂಕ್ಷ್ಮವಿದೆ. ಚಕ್ರವನ್ನು ನೇರಕ್ಕೆ ತರಲು ಟೈರು ಎಳೆಯುವ ಬಲ, ಹಿಡಿತ ಶಿಖರ ಮುಟ್ಟುವ ಮೊದಲೇ ಸಡಿಲಗೊಳ್ಳುತ್ತದೆ. ಅಂದರೆ ಕಾರು ಜಾರುವ ಮುನ್ನವೇ ಸ್ಟಿಯರಿಂಗ್ ಹಗುರಾಗುತ್ತದೆ. ಪಳಗಿದ ಚಾಲಕ ಓದುವುದು ಆ ಹಗುರವನ್ನು. ಬೆನ್ನಿಗೆ ಬೀಳುವ ಒತ್ತಡ, ಕತ್ತನ್ನು ಎಳೆಯುವ ಭಾರ, ಇವು ಮನೆಯ ಕುರ್ಚಿಯಲ್ಲಿ ಇಲ್ಲ. ಫಾರ್ಮುಲಾ ಒನ್ ತಂಡಗಳು ಅಲುಗಾಡುವ ದೊಡ್ಡ ವೇದಿಕೆಗಳ ಮೇಲೆ ಚಾಲಕರನ್ನು ಕೂರಿಸುತ್ತವೆ. ಆದರೂ ನೂರು ಮೀಟರ್ ಉದ್ದಕ್ಕೂ ಬ್ರೇಕಿನ ಒತ್ತಡ ಕೊಡುತ್ತಲೇ ಇರಲು ಕೋಣೆಯೊಳಗೆ ಜಾಗವೆಲ್ಲಿ?

ಇನ್ನು ರಸ್ತೆ. ಕೇಮರ್ 2004ರಲ್ಲಿ ಜಾನ್ ಹೆನ್ರಿ ಜೊತೆ ಸೇರಿ ‘ಐರೇಸಿಂಗ್’ ಎಂಬ ಸಿಮ್ಯುಲೇಟರ್ ಕಟ್ಟಿದರು. 2008ರಲ್ಲಿ ಅದು ಎಲ್ಲರಿಗೂ ತೆರೆಯಿತು. ಟ್ರ್ಯಾಕ್‌ಗಳನ್ನು ಲೇಸರ್ ಹಿಡಿದು ಅಳೆಯುವುದು ಅವರ ಪಟ್ಟು. ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ ಸುತ್ತಲೂ ಬೆಳಕು ಎರಚುತ್ತಾರೆ, ಅದು ತಾಗಿ ಮರಳಿದ್ದನ್ನು ನೋಡಿ ದೂರ ಲೆಕ್ಕ ಹಾಕುತ್ತಾರೆ, ಮುಂದಕ್ಕೆ ಸರಿಯುತ್ತಾರೆ. ಕೊನೆಗೆ ಸಿಗುವುದು ಕೋಟಿಗಟ್ಟಲೆ ಚುಕ್ಕೆಗಳ ರಾಶಿ. ಅದರಲ್ಲಿ ಕಾಯಿಸಿ ಹಾಕಿದ ಡಾಂಬರಿನ ತೇಪೆಯೂ ಇರುತ್ತದೆ, ಎರಡು ಪದರ ಕೂಡುವ ಸಂದೂ ಇರುತ್ತದೆ, ಎಲ್ಲ ಮಿಲಿಮೀಟರುಗಳ ಲೆಕ್ಕದಲ್ಲಿ. ಅಷ್ಟು ಸಣ್ಣ ಉಬ್ಬು ಲೆಕ್ಕಕ್ಕೆ ಬರುತ್ತದೆಯೇ? ಗಂಟೆಗೆ 250 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 69 ಮೀಟರ್ ಹಾರಿಹೋಗುತ್ತದೆ. ಐರೇಸಿಂಗ್ ಭೌತಲೆಕ್ಕವನ್ನು ಸೆಕೆಂಡಿಗೆ 360 ಸಲ ಮಾಡುತ್ತದೆ. ಅಂದರೆ ಎರಡು ಲೆಕ್ಕಗಳ ನಡುವೆ ಕಾರು ಒಂದು ಗೇಣಿನಷ್ಟು ಮಾತ್ರ ಮುಂದೆ ಹೋಗಿರುತ್ತದೆ. ಆ ಗೇಣಿನಲ್ಲಿ ಒಂದು ಸೆಂಟಿಮೀಟರ್ ಉಬ್ಬಿದ್ದರೂ ಟೈರಿನ ಮೇಲಿನ ಭಾರ ಜಿಗಿಯುತ್ತದೆ, ಆಮೇಲೆ ಕುಸಿಯುತ್ತದೆ. ಭಾರ ಕುಸಿದ ಕ್ಷಣದಲ್ಲಿ ಹಿಡಿತವೂ ಕುಸಿಯುತ್ತದೆ. ಬ್ರೇಕು ಎಲ್ಲಿ ಒತ್ತಬೇಕು ಎಂದು ಚಾಲಕನಿಗೆ ಹೇಳುವುದು ಇಂಥ ಉಬ್ಬುಗಳೇ.

ಹಾಗಾದರೆ ಹಳೆಯ ಟ್ರ್ಯಾಕ್‌ಗಳಿಗೂ ಲೇಸರ್ ಹಿಡಿದರಾಯಿತಲ್ಲ? ಇಲ್ಲೇ ಸಿಕ್ಕು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ನೋಡಿ. 1927ರಲ್ಲಿ ತೆರೆದ ಈ ಕಾಡುದಾರಿಯ ಉತ್ತರ ಸುತ್ತು ಇಂದಿಗೂ ಇದೆ, 20.8 ಕಿಲೋಮೀಟರ್. ಆದರೆ 1970ರಲ್ಲಿ ಚಾಲಕರು ಅಲ್ಲಿ ಓಡಿಸಲು ಒಪ್ಪದೆ ರೇಸು ಹಾಕೆನ್‌ಹೈಮ್‌ಗೆ ಹೋಯಿತು. ಆಮೇಲೆ ರಿಪೇರಿಗೆ ಇಳಿದವರು ಕಾರು ಗಾಳಿಗೆ ಹಾರುತ್ತಿದ್ದ ದಿಬ್ಬಗಳನ್ನು ತಗ್ಗಿಸಿದರು, ಅಂಚಿನ ಪೊದೆಗಳನ್ನು ಕಿತ್ತರು, ಕಬ್ಬಿಣದ ತಡೆಗಳನ್ನು ನೆಟ್ಟರು. ಇಂದು ಮಿಲಿಮೀಟರ್ ನಿಖರವಾಗಿ ಅಳೆದರೆ ಸಿಗುವುದು ಇಂದಿನ ನ್ಯೂರ್‌ಬರ್ಗ್‌ರಿಂಗ್. 1967ರಲ್ಲಿ ಜಿಮ್ ಕ್ಲಾರ್ಕ್ 8 ನಿಮಿಷ 4.1 ಸೆಕೆಂಡಿನಲ್ಲಿ ಸುತ್ತಿದ ದಾರಿ ಬೇರೆ. ಅಳತೆ ಕರಾರುವಾಕ್ಕಾದಷ್ಟೂ ಅದು ತಪ್ಪು ಕಾಲದ ಅಳತೆಯಾಗುತ್ತದೆ.

ಆದ್ದರಿಂದ ಹಳೆಯ ಟ್ರ್ಯಾಕ್ ಕಟ್ಟುವವನ ಕೆಲಸ ಎಂಜಿನಿಯರನದ್ದಕ್ಕಿಂತ ಶಾಸನ ಓದುವವನ ಕೆಲಸಕ್ಕೆ ಹತ್ತಿರ. ಸರ್ವೆ ನಕ್ಷೆ ದಾರಿಯ ಓಟ ಹೇಳುತ್ತದೆ, ವಿಮಾನದಿಂದ ತೆಗೆದ ಫೋಟೋ ಅಗಲ ಹೇಳುತ್ತದೆ. ಬೇಲಿ, ಮನೆ, ಮರಗಳಿಗೆ ಪತ್ರಿಕೆಯ ಚಿತ್ರಗಳೇ ಗತಿ. ಫೋಟೋದಲ್ಲಿ ಒಂದು ಲೋಟಸ್ ನಿಂತಿದ್ದರೆ ಅದರ ಎರಡು ಚಕ್ರಗಳ ಅಂತರ ಗೊತ್ತಿದೆ. ಅದನ್ನೇ ಅಳತೆಗೋಲು ಮಾಡಿಕೊಂಡು ಹಿಂದಿನ ಗೋಡೆಯ ಎತ್ತರ ತೆಗೆಯಬಹುದು. ಫ್ರಾಂಕನ್‌ಹೈಮರ್‌ನ 1966ರ ‘ಗ್ರ್ಯಾಂಡ್ ಪ್ರಿ’ ಸಿನಿಮಾದಲ್ಲಿ ಓಡುವ ಕಾರುಗಳಿಗೇ ಕ್ಯಾಮೆರಾ ಕಟ್ಟಿ ನಿಜವಾದ ಟ್ರ್ಯಾಕ್‌ಗಳಲ್ಲಿ ಚಿತ್ರೀಕರಿಸಿದರು. ಇಂಥ ಕೆಲಸಕ್ಕೆ ಅದು ನಿಧಿ, ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ: ಫಾರ್ಮುಲಾ ಒನ್ 1961ರ ನಂತರ ಬಿಟ್ಟುಬಿಟ್ಟಿದ್ದ ಮೋಂಜಾ ಟ್ರ್ಯಾಕ್‌ನ ಓರೆಗೋಡೆಯ ತಿರುವಿನಲ್ಲಿ ಸಿನಿಮಾದ ಕಾರುಗಳು ಧಾರಾಳವಾಗಿ ಓಡುತ್ತವೆ.

ಚಿತ್ರದ ಜೊತೆ ಸದ್ದು ಇದ್ದರೆ ಇನ್ನೂ ಒಳ್ಳೆಯದು. ಎಂಟು ಸಿಲಿಂಡರಿನ ಕಾಸ್‌ವರ್ತ್ ಎಂಜಿನ್ ಒಂದು ಸುತ್ತಿಗೆ ನಾಲ್ಕು ಸಲ ಸಿಡಿಯುತ್ತದೆ. ನಿಮಿಷಕ್ಕೆ 9,000 ಸುತ್ತು ಎಂದರೆ ಸೆಕೆಂಡಿಗೆ 600 ಸಿಡಿತ, ಶ್ರುತಿಪೆಟ್ಟಿಗೆಗೆ ಹೋಲಿಸಿ ನೋಡಬಹುದಾದ ಸ್ವರ. ಸ್ವರದಿಂದ ಎಂಜಿನ್ನಿನ ಸುತ್ತು, ಗೇರು ಗೊತ್ತಿದ್ದರೆ ಚಕ್ರದ ಸುತ್ತು, ಅದರಿಂದ ವೇಗ. ಕಾರಿನಲ್ಲೇ ಇಟ್ಟ ಮೈಕಿನ ಒಂದು ನಿಮಿಷದ ಧ್ವನಿ ಸಿಕ್ಕರೆ ಯಾವ ತಿರುವಿಗೆ ಎಷ್ಟು ವೇಗ ಎಂದು ಬರೆದಿಟ್ಟುಕೊಳ್ಳಬಹುದು.

ಇಷ್ಟೆಲ್ಲ ಏಕೆ, ಸುತ್ತಿನ ಸಮಯ ಹೊಂದಿದರೆ ಸಾಲದೇ? ಸಾಲದು. 1967ರ ಸ್ಪಾದಲ್ಲಿ ಕ್ಲಾರ್ಕ್‌ನ ಅರ್ಹತಾ ಸುತ್ತು 3 ನಿಮಿಷ 28.1 ಸೆಕೆಂಡು, ಸರಾಸರಿ ಗಂಟೆಗೆ ಸುಮಾರು 244 ಕಿಲೋಮೀಟರ್. ಟೈರಿಗೆ ಹೆಚ್ಚು ಹಿಡಿತ ಕೊಟ್ಟು ಎಂಜಿನ್ನಿನ ಶಕ್ತಿ ಕಡಿಮೆ ಮಾಡಿದರೂ ಇದೇ ಸಮಯ ಬಂದೀತು. ಎರಡು ತಪ್ಪುಗಳು ಕೈಕೈ ಹಿಡಿದು ಸರಿಯುತ್ತರದ ವೇಷ ಹಾಕುತ್ತವೆ. ನೇರದಾರಿಯಲ್ಲಿ ಎಷ್ಟು, ತಿರುವಿನಲ್ಲಿ ಎಷ್ಟು ಎಂದು ಬಿಡಿಸಿ ನೋಡಿದಾಗಲೇ ಕಳ್ಳಲೆಕ್ಕ ಸಿಕ್ಕಿಬೀಳುವುದು.

1998ರ ಆ ಸಿಮ್ಯುಲೇಟರಿನಲ್ಲಿ ಮಳೆ ಇರಲಿಲ್ಲ. ಐರೇಸಿಂಗ್‌ಗೂ ಮಳೆ ಬಂದದ್ದು 2024ರಲ್ಲಿ. ಬಂದಾಗ ಹಳೆಯ ಲೇಸರ್ ಅಳತೆಗಳಿಗೆ ಹೊಸ ಕೆಲಸ ಸಿಕ್ಕಿತು: ನೀರು ಎತ್ತ ಹರಿಯಬೇಕು, ಯಾವ ತಗ್ಗಿನಲ್ಲಿ ನಿಲ್ಲಬೇಕು ಎಂದು ಹೇಳುವುದು ಅವೇ ಮಿಲಿಮೀಟರುಗಳು. ಮಾಸ್ಟಾದ ರಸ್ತೆಗೆ ಈ ಭಾಗ್ಯವಿಲ್ಲ. ಮನೆಗಳ ಜಾಗ ನಕ್ಷೆಯಲ್ಲಿದೆ, ತಿರುವಿನ ಕೋನ ಫೋಟೋಗಳಲ್ಲಿದೆ. ಸ್ಟಿವರ್ಟ್‌ನ ಟೈರನ್ನು ನೆಲದಿಂದ ಎತ್ತಿದ ನೀರು ನಿಂತಿದ್ದ ಆ ಬೆರಳುದಪ್ಪದ ತಗ್ಗಿನ ಮೇಲೆ ಮಾತ್ರ ಎಷ್ಟೋ ಬಾರಿ ಹೊಸ ಡಾಂಬರು ಬಿದ್ದಿದೆ.