ಸದ್ದು, ಶಕ್ತಿ ಮತ್ತು ಸೈಲೆನ್ಸರು

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾರಿನಲ್ಲಿ ನಮ್ಮ ಮನೆಗೆ ಬಂದ. ಅವನು ಬಾಗಿಲು ತಟ್ಟುವ ಮೊದಲೇ, ಕಾರು ಬೀದಿಯ ತಿರುವಿನಲ್ಲಿದ್ದಾಗಲೇ, ಯಾರೋ ಬರುತ್ತಿದ್ದಾರೆಂಬುದು ನೆರೆಹೊರೆಗೆಲ್ಲ ತಿಳಿದಿತ್ತು. ಕಾರಿನ ಸೈಲೆನ್ಸರು ತುಕ್ಕು ಹಿಡಿದು ತೂತಾಗಿತ್ತು. "ಹೇಗೂ ಹೊಸದನ್ನು ಹಾಕಿಸಬೇಕು, ಸಾರ್. ಕಾರಿನ ಜೊತೆಗೆ ಬಂದಂಥದನ್ನೇ ಹಾಕಿಸಲೋ, ಪೇಟೆಯಲ್ಲಿ ಸಿಗುವ ದಪ್ಪ ಕೊಳವೆಯದನ್ನು ಹಾಕಿಸಲೋ? ತೂತಾದಂದಿನಿಂದ ಕಾರು ಮೊದಲಿಗಿಂತ ಚುರುಕಾಗಿದೆ ಎನ್ನಿಸುತ್ತಿದೆ" ಎಂದ. ಸದ್ದು ಹೆಚ್ಚಿದರೆ ಶಕ್ತಿಯೂ ಹೆಚ್ಚುತ್ತದೆಂಬ ಈ ನಂಬಿಕೆ ಅವನೊಬ್ಬನದಲ್ಲ. ಆದುದರಿಂದ ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅನುಚಿತವಾಗಲಾರದು.

ಮೊದಲು ಸದ್ದು ಹುಟ್ಟುವ ಬಗೆಯನ್ನು ನೋಡೋಣ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳಿದ ಮೇಲೆ ಹೊರದ್ವಾರದ ಕವಾಟ ತೆರೆಯುತ್ತದೆ. ಆಗಲೂ ಒಳಗಿನ ಅನಿಲದ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ಬಹಳ ಹೆಚ್ಚು. ಅನಿಲವು ಒಮ್ಮೆಲೆ ನುಗ್ಗಿ, ಒತ್ತಡದ ಅಲೆಯೊಂದನ್ನು ಕೊಳವೆಗೆ ಕಳುಹಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿದೆ ಎನ್ನೋಣ. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರೂ ಉರಿಯುವುದರಿಂದ, ಸೆಕೆಂಡಿಗೆ ೧೦೦ ಇಂಥ ಅಲೆಗಳು ಹೊರಡುತ್ತವೆ. ನಾವು ಕೇಳುವ ಗುಡುಗಿನ ಮೂಲಸ್ವರ ಇದೇ.

ಈ ಸದ್ದಿನಲ್ಲಿ ಅಡಗಿರುವ ಶಕ್ತಿಯೆಷ್ಟು? ಏಳೂವರೆ ಮೀಟರು ದೂರದಲ್ಲಿ ೧೦೦ ಡೆಸಿಬೆಲ್ ತೋರುವಷ್ಟು ಅಬ್ಬರಿಸುವ ಕಾರೊಂದನ್ನು ಊಹಿಸಿಕೊಳ್ಳಿರಿ. ಅದು ಸುತ್ತಲೂ ಚೆಲ್ಲುವ ಶಬ್ದವನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರೆ ಮೂರೂವರೆ ವ್ಯಾಟು ಆದೀತು. ಮಲಗುವ ಕೋಣೆಯ ಪುಟ್ಟ ದೀಪಕ್ಕೆ ಸಾಕಾಗುವಷ್ಟು. ಎಂಜಿನ್ನಿನ ಶಕ್ತಿಯಾದರೋ ಹತ್ತಾರು ಸಾವಿರ ವ್ಯಾಟುಗಳು. ಊರನ್ನೇ ಎಬ್ಬಿಸುವ ಸದ್ದು ಕಾರನ್ನು ಒಂದಂಗುಲ ಮುಂದಕ್ಕೆ ತಳ್ಳಲೂ ನೆರವಾಗದು. ಚುರುಕಾದದ್ದು ಕಾರಲ್ಲ, ನಮ್ಮ ವಿದ್ಯಾರ್ಥಿಯ ಕಿವಿ.

ಹಾಗಾದರೆ ಕೊಳವೆಯನ್ನು ಬದಲಾಯಿಸುವುದರಿಂದ ಪ್ರಯೋಜನವೇ ಇಲ್ಲವೆ? ಹಾಗೆಂದು ಭಾವಿಸಕೂಡದು. ಉರಿದ ಅನಿಲವನ್ನು ಹೊರದೂಡಲು ಎಂಜಿನ್ನು ತನ್ನ ಶಕ್ತಿಯ ಒಂದಂಶವನ್ನು ವ್ಯಯಿಸಬೇಕಾಗುತ್ತದೆ. ಕೊಳವೆ ಇಕ್ಕಟ್ಟಾದಷ್ಟೂ ಈ ವ್ಯಯ ಹೆಚ್ಚು. ಅನಿಲವು ರಭಸದಿಂದ ಕದಡಿ ಹರಿಯುವಾಗ ಕೊಳವೆಯಲ್ಲಾಗುವ ಒತ್ತಡದ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ಸುಮಾರಾಗಿ ವಿಲೋಮವಾಗಿರುತ್ತದೆ. ೨ ಅಂಗುಲದ ಕೊಳವೆಯ ಬದಲು ೨.೨೫ ಅಂಗುಲದ್ದನ್ನು ಹಾಕಿದರೆ ನಷ್ಟವು ಅರ್ಧದ ಸಮೀಪಕ್ಕೆ ಇಳಿಯುತ್ತದೆ. ಆದರೆ ಇಕ್ಕಟ್ಟು ಬೇರೆ ಕಡೆ ಇದ್ದರೆ ಹಿಂದಿನ ಕೊಳವೆಯನ್ನು ಹಿಗ್ಗಿಸಿ ಫಲವಿಲ್ಲ. ಬಾವಿಯ ಸೆಲೆ ಸಣ್ಣದಾದಾಗ ಕಾಲುವೆಯನ್ನು ಅಗಲಿಸಿದರೆ ನೀರು ಹೆಚ್ಚುವುದುಂಟೆ?

ಇನ್ನೊಂದು ಸೂಕ್ಷ್ಮವೂ ಉಂಟು. ಒತ್ತಡದ ಅಲೆಯು ಕೊಳವೆ ಹಿಗ್ಗುವ ಜಾಗವನ್ನೋ ತೆರೆದ ತುದಿಯನ್ನೋ ತಲಪಿದಾಗ ಅದರ ಒಂದು ಭಾಗವು ಪ್ರತಿಫಲಿಸಿ, ಸಂಪೀಡನವು ವಿರಳನವಾಗಿ ಹಿಂದಿರುಗುತ್ತದೆ. ಕವಾಟ ಮುಚ್ಚುವ ಮುನ್ನವೇ ಅದು ಸಿಲಿಂಡರನ್ನು ಮುಟ್ಟಿದರೆ ಉಳಿದ ಅನಿಲವನ್ನು ಹೀರಿ ಹೊರಗೆಳೆಯುತ್ತದೆ. ಹೊತ್ತು ತಪ್ಪಿದರೆ ಈ ನೆರವು ಸಿಗದು. ಎಂಜಿನ್ನಿಗೆ ಸಮೀಪದ ಕೊಳವೆಗಳ ಉದ್ದವನ್ನು ತಯಾರಕರು ಈ ಹೊತ್ತನ್ನು ನೋಡಿಯೇ ನಿಶ್ಚಯಿಸಿರುತ್ತಾರೆ. ಅಲ್ಲಿ ಕೈಹಾಕುವವರಿಗೆ ಬೆಸುಗೆಯ ಕೌಶಲವೊಂದೇ ಸಾಲದು.

ಇನ್ನು ಸೈಲೆನ್ಸರಿನ ಒಳಗೆ ಇಣಿಕೋಣ. ಒಂದು ಬಗೆಯದರಲ್ಲಿ ತಡಿಕೆಗಳಿಂದ ಬೇರ್ಪಟ್ಟ ಕೋಣೆಗಳಿರುತ್ತವೆ. ಅಲೆಗಳು ಅವುಗಳ ಗೋಡೆಗೆ ಬಡಿದು ಹಿಂದಿರುಗಿ, ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಸದ್ದು ಚೆನ್ನಾಗಿ ಅಡಗುತ್ತದೆ, ಆದರೆ ಅನಿಲದ ದಾರಿ ಡೊಂಕು. ಇನ್ನೊಂದು ಬಗೆಯದರಲ್ಲಿ ನೇರವಾದ ರಂಧ್ರಮಯ ಕೊಳವೆಯ ಸುತ್ತ ಗಾಜಿನ ಎಳೆಗಳಂಥ ನಾರನ್ನು ತುಂಬಿರುತ್ತಾರೆ. ಶಬ್ದವು ನಾರಿನಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ಅನಿಲ ಸಲೀಸಾಗಿ ಹರಿಯುತ್ತದೆ. ಆದರೆ ವರ್ಷಗಳು ಕಳೆದಂತೆ ನಾರು ಸವೆಯುವುದರಿಂದ, ಕೊಂಡ ದಿನ ಮೃದುವಾಗಿದ್ದ ಧ್ವನಿ ಮುಂದೆ ಒರಟಾಗುವುದುಂಟು.

ಪೇಟೆಯ ಸೈಲೆನ್ಸರುಗಳ ಸಾಮಾನ್ಯ ದೋಷವೆಂದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕಾರಿನೊಳಗೆ ತುಂಬುವ ಏಕತಾನದ ಗುಂಯ್‌ಗುಡುವಿಕೆ. ಅಂಗಡಿಯ ಮುಂದೆ ಎರಡು ನಿಮಿಷ ಕೇಳಿದಾಗ ಇಂಪಾದದ್ದು ಎರಡು ಗಂಟೆಯ ಪ್ರಯಾಣದಲ್ಲಿ ತಲೆನೋವಾದೀತು. ಇದಕ್ಕೆ ಭೌತವಿಜ್ಞಾನದಲ್ಲಿ ಮದ್ದಿದೆ. ೩೦೦ ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೪೮೦ ಮೀಟರು. ೧೦೦ ಆವೃತ್ತಿಯ ಅಲೆಯ ಉದ್ದ ೪.೮ ಮೀಟರು. ಅದರ ಕಾಲುಭಾಗದಷ್ಟು, ಎಂದರೆ ೧.೨ ಮೀಟರು ಉದ್ದದ, ತುದಿ ಮುಚ್ಚಿದ ಕೊಳವೆಯೊಂದನ್ನು ಪಕ್ಕಕ್ಕೆ ಜೋಡಿಸಿದರೆ, ಅದರೊಳಗೆ ಹೋಗಿ ಬಂದ ಅಲೆಯು ಅರ್ಧ ಅಲೆಯಷ್ಟು ಹಿಂದೆ ಬಿದ್ದು ಮೂಲದ ಅಲೆಯನ್ನು ಅಳಿಸುತ್ತದೆ. ಒಳ್ಳೆಯ ತಯಾರಕರು ಇಂಥ ಉಪಾಯಗಳನ್ನು ಮಾಡಿರುತ್ತಾರೆ. ಕೊಳ್ಳುವವರು ಕೇಳಿ ತಿಳಿಯಬೇಕು.

ಅನಿಲದ ಶುದ್ಧಿ ಇವೆಲ್ಲಕ್ಕಿಂತ ಮುಖ್ಯವಾದುದು. ಸೈಲೆನ್ಸರಿನ ಮುಂದೆ ಎಂಜಿನ್ನಿನ ಕಡೆಗೆ ಇರುವ ಇನ್ನೊಂದು ಡಬ್ಬಿಯ ಹೆಸರು ಕೆಟಲಿಟಿಕ್ ಕನ್ವರ್ಟರ್. ಅದರ ಜೇನುಹಟ್ಟಿನಂಥ ಕಣ್ಣುಗಳಿಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಇಂಧನ ಮತ್ತು ನೈಟ್ರೊಜನ್ನಿನ ಆಕ್ಸೈಡುಗಳನ್ನು ಅದು ಬಹುಮಟ್ಟಿಗೆ ಇಂಗಾಲಾಮ್ಲ, ನೀರು, ನೈಟ್ರೊಜನ್‌ಗಳನ್ನಾಗಿ ಮಾರ್ಪಡಿಸುತ್ತದೆ. ನಮ್ಮ ದೇಶದಲ್ಲಿ ೧೯೯೫ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. "ಇದನ್ನು ತೆಗೆದರೆ ಕಾರು ಹಗುರವಾಗಿ ಉಸಿರಾಡುತ್ತದೆ" ಎಂದು ಹೇಳುವವರಿದ್ದಾರೆ. ಕಾರು ಹೇಗೆ ಉಸಿರಾಡುತ್ತದೋ, ಅದರ ಹಿಂದೆ ಶಾಲೆಗೆ ನಡೆದುಹೋಗುವ ಮಗು ಉಸಿರಾಡಲಾರದು. ಆದಕಾರಣ ಕನ್ವರ್ಟರಿನ ಹಿಂದಣ ಭಾಗವನ್ನು ಮಾತ್ರ ಬದಲಾಯಿಸುವ ಜೋಡಣೆಯನ್ನೇ ಆರಿಸತಕ್ಕದ್ದು. ಇದನ್ನು ವ್ಯಾಪಾರಿಗಳು ಕ್ಯಾಟ್-ಬ್ಯಾಕ್ ಎನ್ನುತ್ತಾರೆ.

ತೂತಾದ ಕೊಳವೆಯೊಂದಿಗೆ ಓಡಾಡುವುದಂತೂ ಸಲ್ಲದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹೀಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟುತ್ತದೆ. ಸೋರಿದ ಅನಿಲ ತಳದ ಸಂದಿನಿಂದ ಕಾರಿನೊಳಗೆ ಸೇರಿದರೆ, ಕುಳಿತವರಿಗೆ ಬರುವ ಮೊದಲ ಸೂಚನೆ ತಲೆಭಾರ, ತೂಕಡಿಕೆ. ಅದನ್ನು ಪ್ರಯಾಣದ ದಣಿವೆಂದೇ ಭಾವಿಸುವ ಅಪಾಯವಿದೆ. ನಮ್ಮ ವಿದ್ಯಾರ್ಥಿ ಆ ಕಾರಿನಲ್ಲಿ ತನ್ನ ತಾಯಿಯನ್ನು ಊರಿಗೆ ಕರೆದೊಯ್ದಿದ್ದನಂತೆ. ಈ ಮಾತು ಕೇಳಿ ಅವನ ಮುಖ ಬಾಡಿತು.

ಲೋಹವನ್ನು ಆರಿಸುವಾಗ ಒಂದು ಸಂಗತಿ ನೆನಪಿರಲಿ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆ! ದೂರ ಸಾಗುವ ಕಾರಿನಲ್ಲಿ ಅದು ಹಬೆಯಾಗಿ ಹೊರಟುಹೋಗುತ್ತದೆ. ದಿನವೂ ಒಂದೆರಡು ಮೈಲಿ ಓಡಿ ನಿಲ್ಲುವ ಕಾರಿನಲ್ಲಿ ತಣ್ಣನೆಯ ಸೈಲೆನ್ಸರಿನೊಳಗೆ ನಿಂತು ಲೋಹವನ್ನು ತಿನ್ನುತ್ತದೆ. ಸಾಧಾರಣ ಉಕ್ಕು ಅಗ್ಗ, ಆಯುಸ್ಸು ಕಡಿಮೆ. ೪೦೯ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇಕಡಾ ೧೧ರಷ್ಟು ಕ್ರೋಮಿಯಂ ಇದ್ದು, ಅದು ಮಧ್ಯಮ. ೩೦೪ ದರ್ಜೆಯಲ್ಲಿ ಶೇಕಡಾ ೧೮ರಷ್ಟು ಕ್ರೋಮಿಯಂ, ೮ರಷ್ಟು ನಿಕಲ್ ಇದ್ದು, ಅದು ಉತ್ತಮ. ಗುರುತಿಸಲು ಅಯಸ್ಕಾಂತವೊಂದು ಸಾಕು: ೪೦೯ಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ, ೩೦೪ಕ್ಕೆ ಬಹುಮಟ್ಟಿಗೆ ಅಂಟದು. ಕೊಳವೆ ಬಾಗಿದ ಕಡೆಗಳಲ್ಲಿ ಚಪ್ಪಟೆಯಾಗಿದೆಯೇ ಎಂಬುದನ್ನೂ ನೋಡಬೇಕು. ಅಲ್ಲಿ ಕಿರಿದಾದರೆ ಹೆಚ್ಚಿನ ವ್ಯಾಸಕ್ಕೆ ಕೊಟ್ಟ ಹಣ ವ್ಯರ್ಥ.

ಕಡೆಗೆ, ನೆರೆಯವರ ಮಾತು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆಂಬುದನ್ನು ಮರೆಯಬಾರದು. ವಾಹನದ ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದವರಿಗೆ, ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೊದಲ ಸಲಕ್ಕೇ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ ೧೦,೦೦೦ ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ಒದಗಬಹುದು.

ಇಷ್ಟನ್ನೂ ಕೇಳಿದ ನಮ್ಮ ವಿದ್ಯಾರ್ಥಿ ಮೂಲದ ಅಳತೆಯದೇ ಆದ, ಸ್ಟೇನ್‌ಲೆಸ್ ಉಕ್ಕಿನ ಸೈಲೆನ್ಸರನ್ನು ಹಾಕಿಸಿದ. ಹೋದ ವಾರ ಮತ್ತೆ ಬಂದಿದ್ದ. ಈ ಸಲ ಅವನು ಬಂದದ್ದು ನಮಗೆ ತಿಳಿದದ್ದು ಬಾಗಿಲು ತಟ್ಟಿದ ಮೇಲೆ.