ಮೆರವಣಿಗೆ ಬೇಡವೆಂದರೆ ನಡೆದೇ ಹೋದರು!

ಮೆರವಣಿಗೆಗೆ ಅನುಮತಿ ಇಲ್ಲವೇ? ಸರಿ, ಮೆರವಣಿಗೆ ಬೇಡ. ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಸುಮ್ಮನೆ ನಡೆದು ಹೋದರಾಯಿತು! 1956ರ ಆಗಸ್ಟ್ 9ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹೆಂಗಸರು ಮಾಡಿದ್ದು ಇದನ್ನೇ. ಬೆನ್ನಿಗೆ ಕೂಸು ಕಟ್ಟಿಕೊಂಡವರು, ಸೀರೆಯುಟ್ಟ ಭಾರತೀಯ ಮೂಲದವರು, ಬಿಳಿಯರು, ಕರಿಯರು, ಯಾರೆಲ್ಲ! ನೋಡನೋಡುತ್ತ ಗುಡ್ಡದ ಮೇಲಿನ ಯೂನಿಯನ್ ಬಿಲ್ಡಿಂಗ್ಸ್ ಎದುರು ಸುಮಾರು 20,000 ಮಂದಿ ಸೇರಿಬಿಟ್ಟರು. ದೆಹಲಿಯ ಸೆಕ್ರೆಟೇರಿಯಟ್ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರನೇ ಕಟ್ಟಿಸಿದ ಸರ್ಕಾರಿ ಸೌಧವದು.

ಇವರೆಲ್ಲ ಬಂದದ್ದೇಕೆ? ಆಗ ಅಲ್ಲಿ ಕರಿಯ ಗಂಡಸರು ಎಲ್ಲಿಗೆ ಹೋದರೂ ಪಾಸ್ ಪುಸ್ತಕ ಜೊತೆಗಿರಬೇಕಿತ್ತು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಜೈಲು. ಅದನ್ನೀಗ ಹೆಂಗಸರ ಮೇಲೂ ಹೇರಲು ಸರ್ಕಾರ ಹೊರಟಿತ್ತು.

ಮುಂದೆ ನಿಂತ ನಾಲ್ವರನ್ನು ನೋಡಿ! ಲಿಲಿಯನ್ ನ್ಗೋಯಿ ಗಾರ್ಮೆಂಟ್ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ರಹೀಮಾ ಮೂಸಾ ಆಗ ಬಸುರಿ. ಸೋಫಿಯಾ ವಿಲಿಯಮ್ಸ್‌ಗೆ ಬರೀ 18 ವರ್ಷ. ಇನ್ನು ಹೆಲೆನ್ ಜೋಸೆಫ್? ಇಂಗ್ಲೆಂಡಿನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕಾಕ್ಕೆ ಹೋಗುವ ಮೊದಲು ನಮ್ಮ ಪಕ್ಕದ ಹೈದರಾಬಾದಿನ ಮಹಬೂಬಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ್ದವರು! ಇದು ತಿಳಿದಾಗ ನನಗೆ ರೋಮಾಂಚನವಾಯಿತು.

ಸಹಿ ಹಾಕಿದ ಮನವಿಗಳ ಕಂತೆಗಳನ್ನು ಹೊತ್ತು ಪ್ರಧಾನಿ ಸ್ಟ್ರೈಡಮ್ ಕಚೇರಿಗೆ ಹೋದರು. ಅವರಿರಲಿಲ್ಲ. ಕಂತೆಗಳನ್ನು ಅಲ್ಲೇ ಇಟ್ಟು ಬಂದರು. ಆಮೇಲೆ ನಡೆದದ್ದೇ ಅದ್ಭುತ: ಕೈ ಮೇಲೆತ್ತಿ, ಅಷ್ಟೂ ಜನ 30 ನಿಮಿಷ ಒಂದು ಮಾತಿಲ್ಲದೆ ನಿಂತರು. ಅರ್ಧ ಗಂಟೆ! ಘೋಷಣೆಯಿಲ್ಲ, ನೂಕಾಟವಿಲ್ಲ. ನಮ್ಮ ಸಭೆಗಳಲ್ಲಿ ಎರಡು ನಿಮಿಷದ ಮೌನಕ್ಕೇ ಚಡಪಡಿಸುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಮೌನ ಮುಗಿದದ್ದೇ ಹಾಡು ಹೊಮ್ಮಿತು.

ಕಾನೂನು ಅಂದೇ ಬಿದ್ದುಹೋಗಲಿಲ್ಲ. ಪಾಸ್ ಪದ್ಧತಿ ರದ್ದಾದದ್ದು 1986ರಲ್ಲಿ. 1956ರ ಡಿಸೆಂಬರ್‌ನಲ್ಲೇ ಲಿಲಿಯನ್, ಹೆಲೆನ್ ಇಬ್ಬರನ್ನೂ ರಾಜದ್ರೋಹದ ಆರೋಪದಲ್ಲಿ ಬಂಧಿಸಿದರು, ಕೊನೆಗೆ ಖುಲಾಸೆಯಾಯಿತು. ಆದರೆ 1995ರಿಂದ ಆಗಸ್ಟ್ 9 ಆ ದೇಶಕ್ಕೇ ರಜೆ, ರಾಷ್ಟ್ರೀಯ ಮಹಿಳಾ ದಿನ. 2000ದಲ್ಲಿ ಅದೇ ಸೌಧದಲ್ಲಿ ಸ್ಮಾರಕವಾಗಿ ಇಟ್ಟದ್ದೇನು ಗೊತ್ತೇ? ಕಾಳು ಅರೆಯುವ ಕಲ್ಲು! ಅಡುಗೆಮನೆಯ ಕಲ್ಲನ್ನು ಆಳುವವರ ಅಂಗಳಕ್ಕೆ ತಂದಿಟ್ಟ ಆ ಕಲ್ಪನೆಗೆ ಕೈ ಮುಗಿಯಬೇಕು. ಹದಿನೆಂಟರ ಸೋಫಿಯಾ ಮುಂದೆ ಗೌಟೆಂಗ್ ಪ್ರಾಂತ್ಯದ ಶಾಸನಸಭೆಯ ಉಪಸಭಾಧ್ಯಕ್ಷೆಯಾದರು. ಪ್ರಿಟೋರಿಯಾದಲ್ಲಿ ಸ್ಟ್ರೈಡಮ್ ಹೆಸರಿದ್ದ ಚೌಕಕ್ಕೆ ಈಗ ಬಟ್ಟೆ ಹೊಲಿಯುತ್ತಿದ್ದ ಲಿಲಿಯನ್ ನ್ಗೋಯಿಯ ಹೆಸರು!