ಸುಶೀಲಾ ನಯ್ಯರ್

ಡಾ. ಸುಶೀಲಾ ನಯ್ಯರ್ (26 ಡಿಸೆಂಬರ್ 1914 – 3 ಜನವರಿ 2001) ಭಾರತದ ವೈದ್ಯೆ, ಸ್ವಾತಂತ್ರ್ಯ ಹೋರಾಟಗಾರ್ತಿ ಹಾಗೂ ರಾಜಕಾರಣಿ. ಮಹಾತ್ಮ ಗಾಂಧಿಯವರ ವೈಯಕ್ತಿಕ ವೈದ್ಯೆಯಾಗಿದ್ದ ಇವರು 1962ರಿಂದ 1967ರವರೆಗೆ ಕೇಂದ್ರ ಸರ್ಕಾರದಲ್ಲಿ ಆರೋಗ್ಯ ಸಚಿವೆಯಾಗಿದ್ದರು. ಉತ್ತರ ಪ್ರದೇಶದ ಝಾನ್ಸಿ ಕ್ಷೇತ್ರದಿಂದ ನಾಲ್ಕು ಬಾರಿ ಲೋಕಸಭೆಗೆ ಆಯ್ಕೆಯಾಗಿದ್ದರು. ಮಹಾರಾಷ್ಟ್ರದ ವರ್ಧಾ ಜಿಲ್ಲೆಯ ಸೇವಾಗ್ರಾಮದಲ್ಲಿರುವ ಮಹಾತ್ಮ ಗಾಂಧಿ ವೈದ್ಯವಿಜ್ಞಾನ ಸಂಸ್ಥೆಯ ಸ್ಥಾಪಕರೂ ಇವರೇ.

ಜನನ ಮತ್ತು ಶಿಕ್ಷಣ

ಸುಶೀಲಾ ಅವರು ಪಂಜಾಬ್ ಪ್ರಾಂತದ ಗುಜ್ರಾತ್ ಜಿಲ್ಲೆಯ ಕುಂಜಾಹ್ ಎಂಬ ಊರಿನಲ್ಲಿ ಜನಿಸಿದರು. ಈ ಊರು ಈಗ ಪಾಕಿಸ್ತಾನದಲ್ಲಿದೆ. ಇವರ ಅಣ್ಣ ಪ್ಯಾರೇಲಾಲ್ ಅವರು 1920ರಲ್ಲಿಯೇ ಗಾಂಧೀಜಿಯವರ ಬಳಿಗೆ ಹೋಗಿ, ಮುಂದೆ ಅವರ ಕಾರ್ಯದರ್ಶಿಯೂ ಜೀವನಚರಿತ್ರಕಾರರೂ ಆದರು. ಅಣ್ಣನ ಮೂಲಕ ಇಡೀ ಕುಟುಂಬಕ್ಕೆ ಗಾಂಧೀಜಿಯವರ ಪರಿಚಯವಾಯಿತು.

ಸುಶೀಲಾ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಹಾಗೂ ಎಂ.ಡಿ. ಪದವಿಗಳನ್ನು ಪಡೆದರು. 1939ರಲ್ಲಿ ಅಣ್ಣನಿದ್ದ ಸೇವಾಗ್ರಾಮಕ್ಕೆ ಬಂದರು. ಅದೇ ಸುಮಾರಿಗೆ ವರ್ಧಾ ಪ್ರದೇಶದಲ್ಲಿ ಕಾಲರಾ ಹರಡಿದಾಗ ಬಹುಮಟ್ಟಿಗೆ ಒಬ್ಬರೇ ರೋಗಿಗಳ ಚಿಕಿತ್ಸೆಯ ಹೊಣೆ ಹೊತ್ತರು.

ಗಾಂಧೀಜಿಯವರೊಂದಿಗೆ

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಸುಶೀಲಾ ಅವರನ್ನು ಕಸ್ತೂರಬಾ ಅವರೊಂದಿಗೆ ಮುಂಬಯಿಯಲ್ಲಿ ಬಂಧಿಸಲಾಯಿತು. ನಂತರ ಇಬ್ಬರನ್ನೂ ಗಾಂಧೀಜಿಯವರನ್ನು ಇರಿಸಿದ್ದ ಪುಣೆಯ ಆಗಾ ಖಾನ್ ಅರಮನೆಗೆ ಕರೆದೊಯ್ಯಲಾಯಿತು. ಸೆರೆವಾಸದ ಮೊದಲ ವಾರದಲ್ಲೇ, ಆಗಸ್ಟ್ 15ರಂದು, ಗಾಂಧೀಜಿಯವರ ಕಾರ್ಯದರ್ಶಿ ಮಹದೇವ ದೇಸಾಯಿಯವರು ಹೃದಯಾಘಾತದಿಂದ ಅಲ್ಲಿಯೇ ನಿಧನರಾದರು. 1943ರ ಫೆಬ್ರವರಿಯಲ್ಲಿ ಗಾಂಧೀಜಿಯವರು 21 ದಿನಗಳ ಉಪವಾಸ ಕೈಗೊಂಡಾಗ ಡಾ. ಬಿಧಾನ್ ಚಂದ್ರ ರಾಯ್ ಮತ್ತು ಡಾ. ಗಿಲ್ಡರ್ ಅವರೊಂದಿಗೆ ಸುಶೀಲಾ ಅವರೂ ವೈದ್ಯಕೀಯ ನಿಗಾ ವಹಿಸಿದ್ದರು.

1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರ ಸ್ಥಿತಿ ವಿಷಮಿಸಿತು. ಆಗ ಅತ್ಯಂತ ದುರ್ಲಭವಾಗಿದ್ದ ಪೆನಿಸಿಲಿನ್ ಔಷಧವನ್ನು ಕಲ್ಕತ್ತದಿಂದ ವಿಮಾನದಲ್ಲಿ ತರಿಸಲಾಯಿತು. ಅದನ್ನು ಕೆಲವು ಗಂಟೆಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಡಬೇಕೆಂದು ತಿಳಿದಾಗ, ಕೊನೆಗಾಲದಲ್ಲಿ ಪತ್ನಿಗೆ ಮತ್ತಷ್ಟು ನೋವು ಬೇಡವೆಂದು ಗಾಂಧೀಜಿಯವರು ಒಪ್ಪಲಿಲ್ಲ. ಫೆಬ್ರವರಿ 22ರಂದು ಕಸ್ತೂರಬಾ ನಿಧನರಾದರು. ಈ ಸೆರೆವಾಸದ ದಿನಗಳನ್ನು ಸುಶೀಲಾ ಅವರು ದಿನಚರಿಯಲ್ಲಿ ದಾಖಲಿಸಿದ್ದು, ಅದು ಮುಂದೆ ಹಿಂದಿಯಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು.

1946ರಲ್ಲಿ ಪೂರ್ವ ಬಂಗಾಳದ ನೌಖಾಲಿಯಲ್ಲಿ ಕೋಮುಗಲಭೆ ನಡೆದ ನಂತರ ಗಾಂಧೀಜಿಯವರು ತಮ್ಮ ಸಂಗಡಿಗರನ್ನು ಒಬ್ಬೊಬ್ಬರಂತೆ ಬೇರೆ ಬೇರೆ ಹಳ್ಳಿಗಳಲ್ಲಿ ನೆಲೆಸುವಂತೆ ಕಳುಹಿಸಿದರು. ಸುಶೀಲಾ ಅವರು ತಮಗೆ ಗೊತ್ತುಪಡಿಸಿದ ಹಳ್ಳಿಯಲ್ಲಿ ಉಳಿದು ಗ್ರಾಮಸ್ಥರಿಗೆ ಚಿಕಿತ್ಸೆ ನೀಡಿದರು. 1948ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಗಾಂಧೀಜಿಯವರ ಕೊನೆಯ ಉಪವಾಸದ ಸಮಯದಲ್ಲಿಯೂ ಅವರನ್ನು ನೋಡಿಕೊಂಡ ವೈದ್ಯರಲ್ಲಿ ಒಬ್ಬರಾಗಿದ್ದರು. ಉಪವಾಸದ ತರುವಾಯ ಗಾಂಧೀಜಿಯವರು ಅವರನ್ನು ಪಾಕಿಸ್ತಾನದ ಬಹಾವಲ್ಪುರಕ್ಕೆ, ಅಲ್ಲಿನ ಅಲ್ಪಸಂಖ್ಯಾತರ ಸ್ಥಿತಿಯನ್ನು ಅರಿಯಲು ಕಳುಹಿಸಿದ್ದರು. ಹೀಗಾಗಿ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾದಾಗ ಅವರ ವೈದ್ಯೆ ದೆಹಲಿಯಲ್ಲಿರಲಿಲ್ಲ.

ಸಾರ್ವಜನಿಕ ಆರೋಗ್ಯದತ್ತ

ಗಾಂಧೀಜಿಯವರ ಮರಣಾನಂತರ ಸುಶೀಲಾ ಅವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. 1950ರಲ್ಲಿ ಭಾರತಕ್ಕೆ ಮರಳಿ, ದೇಶವಿಭಜನೆಯ ನಿರಾಶ್ರಿತರಿಗಾಗಿ ಕಟ್ಟಲಾಗುತ್ತಿದ್ದ ಫರೀದಾಬಾದ್‌ನಲ್ಲಿ ಕ್ಷಯರೋಗ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಕುಷ್ಠರೋಗ ನಿವಾರಣೆಯ ಕಾರ್ಯದಲ್ಲಿಯೂ ತೊಡಗಿದ್ದರು.

ರಾಜಕೀಯ ಜೀವನ

1952ರಲ್ಲಿ ದೆಹಲಿ ವಿಧಾನಸಭೆಗೆ ಆಯ್ಕೆಯಾದ ಸುಶೀಲಾ ಅವರು ಚೌಧರಿ ಬ್ರಹ್ಮ ಪ್ರಕಾಶ್ ಅವರ ಸಚಿವ ಸಂಪುಟದಲ್ಲಿ ಆರೋಗ್ಯ ಸಚಿವೆಯಾದರು. 1955ರಲ್ಲಿ ಅದೇ ಸಭೆಯ ಅಧ್ಯಕ್ಷರಾಗಿ, 1956ರಲ್ಲಿ ಸಭೆಯು ರದ್ದಾಗುವವರೆಗೂ ಆ ಸ್ಥಾನದಲ್ಲಿದ್ದರು.

1957, 1962 ಮತ್ತು 1967ರ ಚುನಾವಣೆಗಳಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಝಾನ್ಸಿಯಿಂದ ಲೋಕಸಭೆಗೆ ಆಯ್ಕೆಯಾದರು. 1962ರಲ್ಲಿ ಧಾರವಾಡದ ಡಿ. ಪಿ. ಕರಮರಕರ ಅವರ ನಂತರ ಕೇಂದ್ರ ಆರೋಗ್ಯ ಖಾತೆಯನ್ನು ವಹಿಸಿಕೊಂಡು, ಜವಾಹರಲಾಲ್ ನೆಹರೂ, ಲಾಲ್ ಬಹದ್ದೂರ್ ಶಾಸ್ತ್ರಿ ಹಾಗೂ ಇಂದಿರಾ ಗಾಂಧಿ – ಈ ಮೂವರು ಪ್ರಧಾನಿಗಳ ಅಧೀನದಲ್ಲಿ ಕಾರ್ಯನಿರ್ವಹಿಸಿದರು. ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವು 1962ರಲ್ಲಿಯೇ ಆರಂಭವಾಯಿತು.

ಇವರ ಅಧಿಕಾರಾವಧಿಯಲ್ಲಿ ಹೆಚ್ಚು ಚರ್ಚೆಗೆ ಒಳಗಾದ ವಿಷಯ ಕುಟುಂಬ ಯೋಜನೆ. ಗಾಂಧೀಜಿಯವರು ಕೃತಕ ಸಂತಾನ ನಿಯಂತ್ರಣವನ್ನು ವಿರೋಧಿಸಿ, ಸಂಯಮವನ್ನೇ ಅದಕ್ಕೆ ಮಾರ್ಗವೆಂದು ಹೇಳಿದ್ದರು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರೂ ಇದೇ ನಿಲುವಿನವರಾಗಿದ್ದು, ಅವರ ಕಾಲದಲ್ಲಿ ಸುರಕ್ಷಿತ ದಿನಗಳ ಕ್ರಮವನ್ನು ದೆಹಲಿ ಮತ್ತು ಅಂದಿನ ಮೈಸೂರು ರಾಜ್ಯದ ರಾಮನಗರದಲ್ಲಿ ಪ್ರಾಯೋಗಿಕವಾಗಿ ಪರೀಕ್ಷಿಸಲಾಗಿತ್ತು. ಗಾಂಧೀಜಿಯವರ ಶಿಷ್ಯೆಯೇ ಆಗಿದ್ದ ಸುಶೀಲಾ ಅವರ ಕಾಲದಲ್ಲಿ ಸರ್ಕಾರದ ನೀತಿ ಬೇರೆ ದಿಕ್ಕಿಗೆ ತಿರುಗಿತು. 1965ರಲ್ಲಿ ಗರ್ಭಾಶಯದೊಳಗೆ ಅಳವಡಿಸುವ ‘ಲೂಪ್’ ಸಾಧನವನ್ನು ರಾಷ್ಟ್ರಮಟ್ಟದಲ್ಲಿ ಜಾರಿಗೊಳಿಸಲಾಯಿತು. 1966ರಲ್ಲಿ ಸಚಿವಾಲಯದಲ್ಲಿ ಕುಟುಂಬ ಯೋಜನೆಗಾಗಿ ಪ್ರತ್ಯೇಕ ಇಲಾಖೆ ರಚನೆಯಾಯಿತು. ಆದರೆ ಲೂಪ್ ಅಳವಡಿಸಿಕೊಂಡ ಮಹಿಳೆಯರಲ್ಲಿ ರಕ್ತಸ್ರಾವ ಮೊದಲಾದ ತೊಂದರೆಗಳು ಕಾಣಿಸಿಕೊಂಡಾಗ ಅವರನ್ನು ಮತ್ತೆ ಪರೀಕ್ಷಿಸಲು ಹಳ್ಳಿಗಳಲ್ಲಿ ಸಾಕಷ್ಟು ವೈದ್ಯರಿರಲಿಲ್ಲ. ಇದರಿಂದ ಆರಂಭದ ಉತ್ಸಾಹ ಬೇಗನೆ ಕುಗ್ಗಿತು. ಸಾಧನವು ಹಳ್ಳಿಯನ್ನು ತಲುಪಿದರೂ ವೈದ್ಯರು ತಲುಪದಿದ್ದರೆ ಯೋಜನೆಯು ನಿಲ್ಲಲಾರದೆಂಬುದನ್ನು ಈ ಅನುಭವ ತೋರಿಸಿತು.

ಮುಂದಿನ ವರ್ಷಗಳಲ್ಲಿ ಸುಶೀಲಾ ಅವರು ಇಂದಿರಾ ಗಾಂಧಿಯವರಿಂದ ದೂರವಾದರು. ತುರ್ತು ಪರಿಸ್ಥಿತಿಯ ನಂತರ ನಡೆದ 1977ರ ಚುನಾವಣೆಯಲ್ಲಿ ಜನತಾ ಪಕ್ಷದ ಪರವಾಗಿ ಝಾನ್ಸಿಯಿಂದ ಮತ್ತೆ ಗೆದ್ದರು. ಆ ಅವಧಿಯ ನಂತರ ರಾಜಕಾರಣದಿಂದ ನಿವೃತ್ತರಾದರು.

ಸೇವಾಗ್ರಾಮದ ವೈದ್ಯಕೀಯ ಸಂಸ್ಥೆ

1940ರ ದಶಕದ ಮಧ್ಯಭಾಗದಲ್ಲಿ ಸುಶೀಲಾ ಅವರು ಸೇವಾಗ್ರಾಮದಲ್ಲಿ ಒಂದು ಚಿಕ್ಕ ಆಸ್ಪತ್ರೆಯನ್ನು ಆರಂಭಿಸಿದ್ದರು. ಕಸ್ತೂರಬಾ ಅವರ ಹೆಸರಿನ ಈ ಆಸ್ಪತ್ರೆಯನ್ನು ನಡೆಸಲು 1964ರಲ್ಲಿ ಕಸ್ತೂರಬಾ ಹೆಲ್ತ್ ಸೊಸೈಟಿ ಸ್ಥಾಪನೆಯಾಯಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಇದಕ್ಕೆ ಸೇರಿದಂತೆ ಮಹಾತ್ಮ ಗಾಂಧಿ ವೈದ್ಯವಿಜ್ಞಾನ ಸಂಸ್ಥೆ ಪ್ರಾರಂಭವಾಯಿತು. ನಗರಗಳಲ್ಲಿ ಕಲಿತ ವೈದ್ಯರು ಹಳ್ಳಿಗೆ ಹೋಗಲು ಹಿಂಜರಿಯುವುದರಿಂದ, ಹಳ್ಳಿಯಲ್ಲಿಯೇ ವೈದ್ಯರನ್ನು ತಯಾರು ಮಾಡುವುದು ಇದರ ಉದ್ದೇಶವಾಗಿತ್ತು.

ಇಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳು ಮೊದಲಿಗೆ ಗಾಂಧೀಜಿಯವರ ಆಶ್ರಮದಲ್ಲಿ ಶಿಬಿರವಾಸ ಮಾಡಬೇಕು. ಖಾದಿ ಧರಿಸುವುದು, ಸಾಮೂಹಿಕ ಪ್ರಾರ್ಥನೆ ಮತ್ತು ಶ್ರಮದಾನ ಇಲ್ಲಿನ ಜೀವನದ ಭಾಗ. ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳು ಒಂದು ಹಳ್ಳಿಯಲ್ಲಿ ತಂಗಿ, ಅಲ್ಲಿನ ಕುಟುಂಬಗಳ ಆರೋಗ್ಯದ ಹೊಣೆ ವಹಿಸಿಕೊಳ್ಳುತ್ತಾರೆ. 1980ರ ದಶಕದಲ್ಲಿ ಈ ಸಂಸ್ಥೆಯು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಜೋಳದ ವಿಮಾ ಯೋಜನೆ ಹೆಸರಾಗಿದೆ. ಗ್ರಾಮಸ್ಥರು ಸುಗ್ಗಿಯ ಕಾಲದಲ್ಲಿ ಹಣದ ಬದಲು ಜೋಳವನ್ನು ವಂತಿಗೆಯಾಗಿ ಕೊಟ್ಟು ವೈದ್ಯಕೀಯ ನೆರವು ಪಡೆಯುತ್ತಿದ್ದರು.

ಬರಹಗಳು

ಕಸ್ತೂರಬಾ ಅವರ ಕುರಿತು ಸುಶೀಲಾ ಅವರು ಪುಸ್ತಕ ಬರೆದಿದ್ದಾರೆ. ಪ್ಯಾರೇಲಾಲ್ ಅವರು 1982ರಲ್ಲಿ ನಿಧನರಾದಾಗ ಅಪೂರ್ಣವಾಗಿ ಉಳಿದಿದ್ದ ಗಾಂಧೀಜಿಯವರ ಬೃಹತ್ ಜೀವನಚರಿತ್ರೆಯ ಕೆಲಸವನ್ನು ಮುಂದುವರಿಸಿ, ಅದರ ನಂತರದ ಸಂಪುಟಗಳನ್ನು ಹೊರತಂದರು.

ಕೊನೆಯ ದಿನಗಳು

ಅವಿವಾಹಿತರಾಗಿದ್ದ ಸುಶೀಲಾ ನಯ್ಯರ್ ಅವರು ಪಾನನಿಷೇಧದ ದೃಢ ಪ್ರತಿಪಾದಕರಾಗಿದ್ದರು. ಕೊನೆಯವರೆಗೂ ಸೇವಾಗ್ರಾಮದ ಸಂಸ್ಥೆಯ ಕಾರ್ಯಗಳಲ್ಲಿ ತೊಡಗಿಕೊಂಡಿದ್ದ ಅವರು 2001ರ ಜನವರಿ 3ರಂದು ತಮ್ಮ 86ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದರು.